ನಡೆಯಲ್ಲಿ ಕಾಣುವ ‘ನಾನು’: ಕಂಜಮಲೆಯ ಸಿದ್ಧರು, ಚೀನಾದ ಜ್ಞಾನಿಗಳು

ಸೇಲಂ ಪಕ್ಕದ ಕಂಜಮಲೆ ಕಬ್ಬಿಣದ ಅದಿರಿಗೆ ಹೆಸರಾದ ಬೆಟ್ಟ. ಅದರ ತಪ್ಪಲಿನಲ್ಲಿ ಸಿದ್ಧರ ಕೋವಿಲು ಇದೆ. ಅಮಾವಾಸ್ಯೆ ಬಂದರೆ ಸೇಲಂ, ಧರ್ಮಪುರಿ ಸೀಮೆಯ ತಮಿಳರೂ ಕನ್ನಡದವರೂ ಅಲ್ಲಿ ಸೇರುತ್ತಾರೆ. ಕಾಯಕಲ್ಪದ ಮೂಲಿಕೆ ಹುಡುಕಿಕೊಂಡು ತಿರುಮೂಲರೂ ಅವರ ಶಿಷ್ಯ ಕಾಳಂಗಿನಾಥರೂ ಈ ಬೆಟ್ಟಕ್ಕೆ ಬಂದಿದ್ದರೆಂದು ಐತಿಹ್ಯ. ಅನ್ನ ಬೇಯುತ್ತಿರುವಾಗ ಶಿಷ್ಯ ಕೈಗೆ ಸಿಕ್ಕ ಯಾವುದೋ ಕಡ್ಡಿಯಿಂದ ಅದನ್ನು ತಿರುವಿದನಂತೆ. ಅನ್ನವೆಲ್ಲ ಕಪ್ಪಾಯಿತು. ಗುರುಗಳು ಬೈದಾರೆಂಬ ಅಂಜಿಕೆಗೆ ಅದನ್ನು ತಾನೇ ಉಂಡುಬಿಟ್ಟ. ಉಂಡವನ ಮುಪ್ಪು ಹೋಗಿ ಹರೆಯ ಬಂತು. ಹುಡುಕುತ್ತಿದ್ದ ಮೂಲಿಕೆ ಸೌದೆಯ ನಡುವೆಯೇ ಬಿದ್ದಿತ್ತು. ಹೇಳುವವರು ಬದಲಾದಂತೆ ಕಥೆಯ ವಿವರಗಳೂ ಬದಲಾಗುತ್ತವೆ, ಕಪ್ಪು ಅನ್ನ ಮಾತ್ರ ಬದಲಾಗುವುದಿಲ್ಲ.

ಈ ಕಾಳಂಗಿನಾಥರ ಹೆಸರು ಚೀನಾದೊಂದಿಗೆ ಕೂಡಿಕೊಂಡಿದೆ. ಸಿದ್ಧರ ಪರಂಪರೆಯ ಪ್ರಕಾರ ಅವರು ಚೀನಾಕ್ಕೆ ಹೋಗಿ ಅಲ್ಲಿಯೇ ಸಮಾಧಿಸ್ಥರಾದರು. ಅವರ ಶಿಷ್ಯ ಭೋಗರು ಅಲ್ಲಿ ಗುರುವಿನ ಕೆಲಸವನ್ನು ಮುಂದುವರಿಸಿ ತಮಿಳುನಾಡಿಗೆ ಬಂದರು. ಭೋಗರು ಹುಟ್ಟಾ ಚೀನೀಯರೆಂದು ಕೆಲವರು ಹೇಳಿದರೆ, ಇಲ್ಲಿಂದ ಹೋಗಿ ಬಂದ ತಮಿಳರೆಂದು ಉಳಿದವರು ಹೇಳುತ್ತಾರೆ. ಪಳನಿಯ ಮುರುಗನ ನವಪಾಷಾಣದ ಮೂರ್ತಿಯನ್ನು ಮಾಡಿದವರು ಅವರೇ ಎಂಬ ನಂಬಿಕೆ ಗಟ್ಟಿಯಾಗಿದೆ. ಅವರ ಸಮಾಧಿಯೂ ಆ ಗುಡಿಯಲ್ಲಿದೆ. ಭೋಗರ ಹೆಸರಿನಲ್ಲಿ ಇಂದು ಸಿಗುವ ಗ್ರಂಥಗಳ ಭಾಷೆ ಸಾಕಷ್ಟು ಈಚಿನದು. ಆದ್ದರಿಂದ ಈ ಕಥೆಗಳನ್ನು ಚರಿತ್ರೆಯೆಂದು ಓದಲಾಗದು. ಆದರೆ ಎರಡು ನಾಡುಗಳ ನಡುವೆ ಓಡಾಟವಿದ್ದದ್ದಕ್ಕೆ ಪುರಾವೆ ಬೇಕಾದಷ್ಟಿದೆ. ಚೀನಾದ ಯಾತ್ರಿಕ ಹ್ಯುಎನ್‌ತ್ಸಾಂಗ್ ಸುಮಾರು 640ರಲ್ಲಿ ಕಂಚಿಗೆ ಬಂದಿದ್ದ. ಚೋಳರ ರಾಯಭಾರಿಗಳು 1015ರಲ್ಲಿ ಸೊಂಗ್ ಅರಸರ ಆಸ್ಥಾನ ತಲುಪಿದರು. ಚುವಾನ್‌ಚೌ ಬಂದರಿನಲ್ಲಿ 1281ರ ತಮಿಳು–ಚೀನೀ ಶಾಸನವೊಂದು ಸಿಕ್ಕಿದೆ.

ಕಪ್ಪು ಅನ್ನದ ಕಥೆಗೆ ಚೀನಾದಲ್ಲೂ ಒಂದು ನಂಟಿದೆ. ನಾಲ್ಕನೆಯ ಶತಮಾನದ ಕೊ ಹುಂಗ್ ಎಂಬ ಪಂಡಿತನ ಹೆಸರಿನಲ್ಲಿರುವ ಸಿದ್ಧರ ಚರಿತ್ರೆಯಲ್ಲಿ ವೇ ಪೋಯಾಂಗ್ ಎಂಬ ರಸಸಿದ್ಧನ ಕಥೆ ಬರುತ್ತದೆ. ಮೂವರು ಶಿಷ್ಯರೊಂದಿಗೆ ಬೆಟ್ಟ ಹತ್ತಿದ ಅವನು ಅಮೃತಗುಳಿಗೆಯನ್ನು ಸಿದ್ಧಪಡಿಸಿ ಮೊದಲು ನಾಯಿಗೆ ತಿನ್ನಿಸಿದ. ನಾಯಿ ಸತ್ತಿತು. ಗುರುವೂ ತಿಂದು ಬಿದ್ದ. ಗುರು ಸುಮ್ಮನೆ ಸಾಯುವವನಲ್ಲ ಎಂದು ಒಬ್ಬ ಶಿಷ್ಯ ತಿಂದ; ಅವನೂ ಬಿದ್ದ. ಉಳಿದಿಬ್ಬರು ಶವಪೆಟ್ಟಿಗೆ ತರಲು ಬೆಟ್ಟ ಇಳಿದರು. ಅವರು ಅತ್ತ ಹೋಗುತ್ತಲೇ ಗುರು ಎದ್ದು ಕುಳಿತು ಶಿಷ್ಯನಿಗೂ ನಾಯಿಗೂ ಜೀವ ಬರಿಸಿದ. ಸೌದೆ ಕಡಿಯುವವನೊಬ್ಬನ ಕೈಯಲ್ಲಿ ಆ ಇಬ್ಬರಿಗೂ ವಂದನೆಯ ಓಲೆ ಕಳಿಸಿದ. ಗುಳಿಗೆ ಪರೀಕ್ಷಿಸಿದ್ದು ಗುಳಿಗೆಯ ಗುಣವನ್ನಲ್ಲ, ಮೂವರು ಶಿಷ್ಯರು ಎಂಥವರೆಂಬುದನ್ನು. ಅಷ್ಟು ದಿನ ಗುರುವಿನ ಬಳಿ ಇದ್ದೂ ಆ ಮೂವರಿಗೆ ತಮ್ಮ ಬಗ್ಗೆ ತಿಳಿಯದಿದ್ದದ್ದು ಆ ಒಂದು ಗಳಿಗೆಯಲ್ಲಿ ತಿಳಿಯಿತು.

ಪ್ರಾಚೀನ ಚೀನಾದ ಜ್ಞಾನಪರಂಪರೆಗಳೆಲ್ಲ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ ನಡೆದಿವೆ. ಉಪನಿಷತ್ತುಗಳು ದೇಹ, ಪ್ರಾಣ, ಮನಸ್ಸುಗಳನ್ನು ಒಂದೊಂದಾಗಿ ಸರಿಸುತ್ತ ಒಳಗಿನ ಆತ್ಮವನ್ನು ಹುಡುಕಿದವು. ಚೀನಾದ ಚಿಂತಕರು ಅಂಥ ಒಳತಿರುಳಿನ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಮನುಷ್ಯ ತಂದೆತಾಯಿಯ ಎದುರು ಹೇಗಿರುತ್ತಾನೆ, ಸಿಟ್ಟು ಬಂದಾಗ ಏನು ಮಾಡುತ್ತಾನೆ, ಕೈಕಸುಬಿನಲ್ಲಿ ಎಷ್ಟು ತೊಡಗಿಕೊಳ್ಳುತ್ತಾನೆ, ಉಸಿರು ಯಾವಾಗ ಏರುಪೇರಾಗುತ್ತದೆ ಎಂಬುದರಲ್ಲೇ ‘ನಾನು’ ಕಾಣುತ್ತದೆ ಎಂದರು. ಈ ವಿಚಾರಗಳು ಮೊಳೆತದ್ದು ಶಾಂತಿಯ ಕಾಲದಲ್ಲಲ್ಲ. ಚೌ ಅರಸರ ಹಿಡಿತ ಸಡಿಲಿ, ಸಣ್ಣಪುಟ್ಟ ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಕ್ರಿ.ಪೂ. ಆರರಿಂದ ಮೂರನೆಯ ಶತಮಾನದವರೆಗಿನ ಕಾಲ ಅದು. ಹೊರಗಿನ ಕಟ್ಟಳೆಗಳೆಲ್ಲ ಕುಸಿಯುತ್ತಿರುವಾಗ ನಂಬಬಹುದಾದ ನಡೆ ಯಾವುದೆಂಬ ಪ್ರಶ್ನೆ ಅವರನ್ನು ಕಾಡಿತು.

ಕನ್‌ಫ್ಯೂಶಿಯಸ್ (ಕ್ರಿ.ಪೂ. 551–479) ಇಂದಿನ ಶಾಂಡೊಂಗ್ ಪ್ರಾಂತ್ಯದಲ್ಲಿದ್ದ ಲು ರಾಜ್ಯದವನು. ಒಳ್ಳೆಯ ಅರಸನೊಬ್ಬ ಸಿಕ್ಕಾನೆಂದು ವರ್ಷಗಟ್ಟಲೆ ಊರೂರು ಅಲೆದು, ಸಿಗದೆ ಮರಳಿ ಬಂದು ಪಾಠ ಹೇಳಿದ. ಅವನ ಮಾತುಕತೆಗಳನ್ನು ಶಿಷ್ಯರು ಕೂಡಿಸಿಟ್ಟ ‘ಲುನ್ ಯು’ವಿನಲ್ಲಿ 20 ಭಾಗಗಳಿವೆ. ಆತ್ಮಪರೀಕ್ಷೆಗೆ ಅದರಲ್ಲಿ ಬರುವ ಮಾದರಿ ತೀರ ಸರಳ. ತ್ಸೆಂಗ್‌ತ್ಸು ಎಂಬ ಶಿಷ್ಯ ದಿನವೂ ತನ್ನನ್ನು ಮೂರು ವಿಷಯ ಕೇಳಿಕೊಳ್ಳುತ್ತಿದ್ದ: ಇನ್ನೊಬ್ಬರ ಕೆಲಸವನ್ನು ಮನಸ್ಸಿಟ್ಟು ಮಾಡಿದೆನೇ, ಗೆಳೆಯರೊಂದಿಗೆ ಮಾತಿಗೆ ತಪ್ಪದೆ ನಡೆದೆನೇ, ಕಲಿತದ್ದನ್ನು ರೂಢಿಗೆ ತಂದೆನೇ. ಮೂರೂ ಇತರರೊಂದಿಗಿನ ವ್ಯವಹಾರಕ್ಕೆ, ಇಲ್ಲವೇ ಅಭ್ಯಾಸಕ್ಕೆ ಸೇರಿದವು. ಒಬ್ಬನೇ ಕಣ್ಣುಮುಚ್ಚಿ ಕೂತು ಉತ್ತರ ಹೇಳಿಕೊಳ್ಳುವಂಥ ಪ್ರಶ್ನೆ ಒಂದೂ ಇಲ್ಲ.

ಅದೇ ಗ್ರಂಥದ ಇನ್ನೊಂದು ಪ್ರಸಂಗ ಅಷ್ಟಾಗಿ ಪ್ರಸಿದ್ಧವಲ್ಲ, ಆದರೆ ಹೆಚ್ಚು ಬೆಲೆಯುಳ್ಳದ್ದು. ಒಳ್ಳೆಯದೆಂದು ತಿಳಿದದ್ದನ್ನು ಕೂಡಲೇ ಮಾಡಬೇಕೇ ಎಂದು ತ್ಸುಲು ಕೇಳಿದಾಗ, ಮನೆಯಲ್ಲಿ ಹಿರಿಯರಿದ್ದಾರೆ, ತಡೆ ಎಂದ ಗುರು. ಅದೇ ಪ್ರಶ್ನೆಯನ್ನು ಜಾನ್ ಯೂ ಕೇಳಿದಾಗ ಕೂಡಲೇ ಮಾಡು ಎಂದ. ಎರಡನ್ನೂ ಕೇಳಿಸಿಕೊಂಡ ಮೂರನೆಯ ಶಿಷ್ಯ ತಬ್ಬಿಬ್ಬಾದ. ಒಬ್ಬ ಮುನ್ನುಗ್ಗುವವನು, ಅದಕ್ಕೆ ಹಿಡಿದೆಳೆದೆ. ಇನ್ನೊಬ್ಬ ಹಿಂಜರಿಯುವವನು, ಅದಕ್ಕೆ ಮುಂದೆ ತಳ್ಳಿದೆ ಎಂಬುದು ಗುರುವಿನ ವಿವರಣೆ. ಹಾಗಾದರೆ ಬೋಧನೆಯನ್ನು ಓದುವ ಮುಂಚೆ ಓದುಗನಿಗೆ ತಾನು ಯಾವ ಕಡೆ ವಾಲುವವನು ಎಂಬುದು ಗೊತ್ತಿರಬೇಕು. ಗೋಡೆಯ ಮೇಲೆ ತೂಗುಹಾಕುವ ಸುಭಾಷಿತಗಳಿಂದ ಆಗದಿರುವುದು ಇದೇ.

ಮೆಂಗ್‌ತ್ಸು (ಸುಮಾರು ಕ್ರಿ.ಪೂ. 372–289) ಮನುಷ್ಯನ ಹುಟ್ಟುಗುಣ ಒಳ್ಳೆಯದೆಂದು ವಾದಿಸಿದ. ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಯಾರ ಎದೆಯೂ ಧಸಕ್ಕೆನ್ನುತ್ತದೆ. ಹೆಸರು, ಲಾಭಗಳ ಲೆಕ್ಕ ಆಗ ಹತ್ತಿರ ಸುಳಿಯುವುದಿಲ್ಲ. ಕರುಣೆ, ನಾಚಿಕೆ, ವಿನಯ, ಸರಿತಪ್ಪುಗಳ ವಿವೇಕ ಎಂಬ ನಾಲ್ಕು ಮೊಳಕೆಗಳು ಎಲ್ಲರಲ್ಲೂ ಇವೆ. ಪೈರು ಬೇಗ ಬೆಳೆಯಲೆಂದು ಸಸಿಗಳನ್ನು ಮೇಲಕ್ಕೆ ಎಳೆದು ಒಣಗಿಸಿದ ರೈತನ ಕಥೆಯನ್ನು ಹೇಳಿ ಮೊಳಕೆಗಳ ಮೇಲೆ ಬಲವಂತ ಸಲ್ಲದೆಂದೂ ಅವನು ಎಚ್ಚರಿಸಿದ. ಶುನ್‌ತ್ಸು ಇದನ್ನು ಒಪ್ಪಲಿಲ್ಲ. ಹುಟ್ಟುಗುಣ ಸೊಟ್ಟಗಿನ ಮರ. ಹಬೆ ಕೊಟ್ಟು ಪಟ್ಟು ಹಾಕಿದರೇ ನೆಟ್ಟಗಾಗುವುದು ಎಂದ. ಈ ಜಗಳ ಇನ್ನೂ ಮುಗಿದಿಲ್ಲ, ಮುಗಿಯಬೇಕಾದದ್ದೂ ಅಲ್ಲ.

ಲಾವೋತ್ಸು ಎಂಬೊಬ್ಬ ವ್ಯಕ್ತಿ ಇದ್ದನೋ ಇಲ್ಲವೋ ಎಂಬುದೇ ವಿವಾದ. ರಾಜ್ಯದ ಹಳೆಯ ದಾಖಲೆಗಳನ್ನು ಕಾಯುತ್ತಿದ್ದ ಮುದುಕನೊಬ್ಬ ಬೇಸತ್ತು ಪಡುವಣಕ್ಕೆ ಹೊರಟಾಗ ಗಡಿಕಾವಲಿನವನು ತಡೆದು, ಏನಾದರೂ ಬರೆದುಕೊಟ್ಟು ಹೋಗಿ ಎಂದನಂತೆ. ಹಾಗೆ ಹುಟ್ಟಿದ ಐದು ಸಾವಿರ ಅಕ್ಷರಗಳ, 81 ಅಧ್ಯಾಯಗಳ ಪುಸ್ತಕ ‘ದಾವ್ ದ ಜಿಂಗ್’. ಕಥೆ ಏನೇ ಇರಲಿ, ಪಠ್ಯ ಹಳೆಯದು. ಮವಾಂಗ್‌ತ್ವೆಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯಿಂದ ಅದರ ರೇಷ್ಮೆಪ್ರತಿಗಳು 1973ರಲ್ಲಿ ಸಿಕ್ಕವು, ಕ್ವೊತಿಯೆನ್‌ನಲ್ಲಿ ಕ್ರಿ.ಪೂ. 300ರ ಸುಮಾರಿನ ಬಿದಿರ ಪಟ್ಟಿಗಳು 1993ರಲ್ಲಿ ಸಿಕ್ಕವು. ಎರಡನೆಯದರಲ್ಲಿರುವುದು ಇಂದಿನ ಪಠ್ಯದ ಅರ್ಧಕ್ಕಿಂತ ಕಡಿಮೆ. ಕನ್ನಡದ ಓದುಗರಿಗೆ ಯು.ಆರ್. ಅನಂತಮೂರ್ತಿ ಅವರ ಅನುವಾದವಿದೆ.

ಇತರರನ್ನು ಬಲ್ಲವನಿಗಿಂತ ತನ್ನನ್ನು ಬಲ್ಲವನ ಅರಿವು ದೊಡ್ಡದು, ಇತರರನ್ನು ಗೆದ್ದವನಿಗಿಂತ ತನ್ನನ್ನು ಗೆದ್ದವನ ಬಲ ದೊಡ್ಡದು ಎಂಬ ನಿಲುವು ಈ ಪುಸ್ತಕದ್ದು. ಆದರೆ ಆ ಅರಿವು ಏನನ್ನೋ ತುಂಬಿಕೊಂಡು ಬರುವಂಥದ್ದಲ್ಲ. ಮಡಕೆ ಬಳಕೆಗೆ ಬರುವುದು ಒಳಗೆ ಬರಿದಾಗಿರುವುದರಿಂದ, ಚಕ್ರ ತಿರುಗುವುದು ನಡುವೆ ತೂತಿರುವುದರಿಂದ. ತುದಿಗಾಲಲ್ಲಿ ನಿಂತು ಎತ್ತರ ಕಾಣಿಸಿಕೊಳ್ಳಲು ಹೋದವನು ಹೆಚ್ಚು ಹೊತ್ತು ನಿಲ್ಲಲಾರ. ಇದನ್ನು ಸೋಮಾರಿತನದ ಉಪದೇಶವೆಂದು ತಿಳಿಯುವವರಿದ್ದಾರೆ. ಒತ್ತಾಯವಿಲ್ಲದ ಕೆಲಸ ಕೆಲಸವಿಲ್ಲದಿರುವುದಲ್ಲ ಎಂಬುದನ್ನು ವಿವರಿಸುವ ಹೊಣೆಯನ್ನು ಚುವಾಂಗ್‌ತ್ಸು ಹೊತ್ತ.

ಚುವಾಂಗ್‌ತ್ಸು (ಸುಮಾರು ಕ್ರಿ.ಪೂ. 369–286) ಈ ಎಲ್ಲರಿಗಿಂತ ದೊಡ್ಡ ಕಥೆಗಾರ. ಅವನ ಹೆಸರಿನ 33 ಅಧ್ಯಾಯಗಳ ಗ್ರಂಥದಲ್ಲಿ ಮೊದಲ ಏಳು ಅವನವೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಚಿಟ್ಟೆಯ ಕನಸಿನ ಕಥೆ ಎಲ್ಲರಿಗೂ ಗೊತ್ತು. ಬಹಳ ಸವೆದೂ ಹೋಗಿದೆ. ತಿಂಗ್ ಎಂಬ ಅಡುಗೆಯವನ ಕಥೆ ಅದಕ್ಕಿಂತ ಗಟ್ಟಿ. ಅರಸನ ಎದುರು ಎತ್ತನ್ನು ಕೊಯ್ಯುತ್ತಿದ್ದ ಅವನ ಕೈ, ಹೆಗಲು, ಮೊಣಕಾಲುಗಳೆಲ್ಲ ತಾಳಕ್ಕೆ ಕುಣಿದಂತಿದ್ದವು. ಸಾಮಾನ್ಯ ಅಡುಗೆಯವನು ತಿಂಗಳಿಗೊಂದು ಕತ್ತಿ, ಒಳ್ಳೆಯವನು ವರ್ಷಕ್ಕೊಂದು ಕತ್ತಿ ಬದಲಿಸುತ್ತಾನೆ. ತಿಂಗ್‌ನ ಕತ್ತಿಗೆ 19 ವರ್ಷವಾದರೂ ಈಗಷ್ಟೇ ಸಾಣೆ ಹಿಡಿದಂಥ ಹರಿತ. ಕೀಲುಗಳ ನಡುವೆ ಜಾಗವಿದೆ, ಅಲಗಿಗೆ ದಪ್ಪವಿಲ್ಲ. ಇರುವ ಜಾಗದಲ್ಲೇ ಹಾಯ್ದರೆ ಕತ್ತಿ ಸವೆಯುವುದಿಲ್ಲ ಎಂಬುದು ಅವನ ವಿವರಣೆ. ಇದೇ ಸೇಲಂ ಸೀಮೆಯ ಮೇಚೇರಿ ಕುರಿಯ ಚರ್ಮಕ್ಕೆ ಹದ ಮಾಡುವವರಲ್ಲಿ ಒಳ್ಳೆಯ ಬೆಲೆಯಿದೆ. ಸುಲಿಯುವಾಗ ಕತ್ತಿ ಒಂದು ಕಡೆ ತಾಗಿದರೆ ಆ ಬೆಲೆ ಇಳಿಯಿತು. ಬಿಗಿ ಎಲ್ಲಿ, ಸಡಿಲ ಎಲ್ಲಿ ಎಂಬುದನ್ನು ಕೈ ಕಣ್ಣಿಗಿಂತ ಮೊದಲು ತಿಳಿಯಬೇಕು. ತಿಂಗ್‌ನ ವಿದ್ಯೆ ಅಂಥದ್ದು.

ಈ ಕಥೆಯಲ್ಲಿ ಓದುಗರು ಸಾಮಾನ್ಯವಾಗಿ ದಾಟಿ ಹೋಗುವ ಒಂದು ವಿವರವಿದೆ. 19 ವರ್ಷಗಳ ಅನುಭವವಿದ್ದರೂ ತೊಡಕಿನ ಗಂಟು ಎದುರಾದಾಗ ತಿಂಗ್ ನಿಲ್ಲುತ್ತಾನೆ. ದೃಷ್ಟಿ ನೆಡುತ್ತಾನೆ, ಕೈ ನಿಧಾನಿಸುತ್ತಾನೆ, ಕತ್ತಿಯನ್ನು ಕೂದಲೆಳೆಯಷ್ಟೇ ಸರಿಸುತ್ತಾನೆ. ಎಲ್ಲಿ ತನಗೆ ಸಲೀಸು, ಎಲ್ಲಿ ತನಗೆ ಕಷ್ಟ ಎಂಬುದು ಅವನಿಗೆ ಗೊತ್ತು. ಇದಕ್ಕಿಂತ ಬೇರೆ ಆತ್ಮಜ್ಞಾನವನ್ನು ಚುವಾಂಗ್‌ತ್ಸು ಕೇಳುವಂತೆ ಕಾಣುವುದಿಲ್ಲ. ಕೊಯ್ಯುವುದನ್ನೆಲ್ಲ ನೋಡಿದ ಅರಸ ಹೇಳಿದ್ದು, ಬಾಳನ್ನು ಕಾಪಾಡಿಕೊಳ್ಳುವುದು ಹೇಗೆಂದು ಇಂದು ತಿಳಿಯಿತು ಎಂದು.

ಸಿಟ್ಟಿನ ಬಗೆಗೆ ಅದೇ ಗ್ರಂಥದಲ್ಲಿ ಬರಿದೋಣಿಯ ಪ್ರಸಂಗವಿದೆ. ಹೊಳೆ ದಾಟುವವನ ದೋಣಿಗೆ ಖಾಲಿ ದೋಣಿಯೊಂದು ತೇಲಿಬಂದು ಬಡಿದರೆ ಮುಂಗೋಪಿಯೂ ಸಿಟ್ಟಾಗುವುದಿಲ್ಲ. ಅದರಲ್ಲಿ ಒಬ್ಬ ಮನುಷ್ಯ ಕಂಡರೆ ಮೊದಲು ಕೂಗು, ಆಮೇಲೆ ಬೈಗುಳ. ಬಡಿತ ಒಂದೇ, ಸಿಟ್ಟು ಹುಟ್ಟಿದ್ದು ಅಲ್ಲೊಬ್ಬ ಇದ್ದಾನೆಂಬ ಎಣಿಕೆಯಿಂದ. ಗಂಟೆಯ ಚೌಕಟ್ಟು ಕೆತ್ತುವ ಬಡಗಿಯೊಬ್ಬನ ಕಥೆಯೂ ಇದರ ಜೊತೆಗೆ ಸೇರುತ್ತದೆ. ಕೆಲಸಕ್ಕೆ ಮೊದಲು ಅವನು ಉಪವಾಸವಿರುತ್ತಿದ್ದ: ಮೂರು ದಿನಕ್ಕೆ ಸಂಬಳ, ಬಹುಮಾನಗಳು ಮನಸ್ಸಿನಿಂದ ಹೋಗುತ್ತಿದ್ದವು, ಐದು ದಿನಕ್ಕೆ ಹೊಗಳಿಕೆ ತೆಗಳಿಕೆಗಳು, ಏಳು ದಿನಕ್ಕೆ ತನಗೆ ಕೈಕಾಲಿದೆ ಎಂಬುದೂ. ಆಮೇಲೆಯೇ ಕಾಡಿಗೆ ಹೋಗಿ ಮರ ನೋಡುತ್ತಿದ್ದ.

‘ಯೀ ಜಿಂಗ್’ ಎಂಬ ಶಕುನಗ್ರಂಥ ಇವೆಲ್ಲಕ್ಕಿಂತ ಹಳೆಯದು. ಅದರಲ್ಲಿ ಆರಾರು ಗೆರೆಗಳ 64 ಚಿತ್ರಗಳಿವೆ. 50 ಕಡ್ಡಿಗಳಲ್ಲಿ ಒಂದನ್ನು ಬದಿಗಿಟ್ಟು, ಉಳಿದ 49ನ್ನು ಮತ್ತೆ ಮತ್ತೆ ಪಾಲು ಮಾಡಿ ಒಂದು ಚಿತ್ರಕ್ಕೆ ಬರುತ್ತಾರೆ. ರಿಚರ್ಡ್ ವಿಲ್ಹೆಲ್ಮ್ 1924ರಲ್ಲಿ ಇದನ್ನು ಜರ್ಮನ್ ಭಾಷೆಗೆ ತಂದ. ಅದರಿಂದಾದ 1950ರ ಇಂಗ್ಲಿಷ್ ಪ್ರತಿಗೆ ಮನಶ್ಶಾಸ್ತ್ರಜ್ಞ ಯೂಂಗ್ ಮುನ್ನುಡಿ ಬರೆದ. ಆಮೇಲೆ ಅದು ಪಶ್ಚಿಮದ ಮನೆಮನೆಗಳನ್ನು ಹೊಕ್ಕಿತು. ನಾಳೆ ಏನಾಗುವುದೆಂದು ತಿಳಿಯಲು ಅದನ್ನು ತೆರೆಯುವವರು ಈಗಲೂ ಬಹಳ. ಚೀನಾದ ಪಂಡಿತರಲ್ಲಿ ಹಲವರು ಅದನ್ನು ಬೇರೆ ರೀತಿ ಬಳಸಿದರು: ಚಿತ್ರ ನೋಡಿ, ತಾನಿರುವ ಪರಿಸ್ಥಿತಿ ಏರುವುದೋ ಇಳಿಯುವುದೋ, ಅದರಲ್ಲಿ ತನ್ನ ನಡೆ ಹೊಂದುತ್ತದೋ ಇಲ್ಲವೋ ಎಂದು ಯೋಚಿಸಲು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಪಂಚತತ್ವಗಳ ಲೆಕ್ಕವೂ ಹೀಗೆಯೇ. ಹಳೆಯ ವೈದ್ಯಗ್ರಂಥ ‘ಹುವಾಂಗ್ದಿ ನೇಜಿಂಗ್’ ಸಿಟ್ಟನ್ನು ಪಿತ್ತಜನಕಾಂಗಕ್ಕೂ ದುಃಖವನ್ನು ಶ್ವಾಸಕೋಶಕ್ಕೂ ಅಂಜಿಕೆಯನ್ನು ಮೂತ್ರಪಿಂಡಕ್ಕೂ ಕೂಡಿಸುತ್ತದೆ. ‘ನೀವು ಯಾವ ತತ್ವದವರು’ ಎಂದು ಹೇಳುವ ಈಗಿನ ಅಗ್ಗದ ಪುಸ್ತಕಗಳಿಗೆ ಆ ಗ್ರಂಥದ ಸೂಕ್ಷ್ಮ ಇಲ್ಲ.

ಜಾತಕದ ಬಗ್ಗೆ ಚೀನಾದಲ್ಲೇ ಹುಟ್ಟಿದ ಒಂದು ಉತ್ತರವಿದೆ. ಹದಿನಾರನೆಯ ಶತಮಾನದ ಯುವಾನ್ ಹುವಾಂಗ್ ಎಂಬ ಅಧಿಕಾರಿಗೆ ಜೋಯಿಸನೊಬ್ಬ ಬಾಳೆಲ್ಲವನ್ನೂ ಮೊದಲೇ ಹೇಳಿದ್ದ. ಪರೀಕ್ಷೆಯ ದರ್ಜೆಗಳೂ ಹಾಗೆಯೇ ಬಂದವು. 53ಕ್ಕೆ ಸಾವು, ಮಕ್ಕಳಿಲ್ಲ ಎಂಬುದೂ ಅದರಲ್ಲಿ ಸೇರಿತ್ತು. ಇನ್ನು ಮಾಡಲು ಏನೂ ಉಳಿದಿಲ್ಲ ಎಂದು ಕೈಚೆಲ್ಲಿದ್ದವನು 1569ರಲ್ಲಿ ಯುನ್‌ಕು ಎಂಬ ಬೌದ್ಧ ಗುರುವನ್ನು ಕಂಡ. ನಿನಗೇಕೆ ಮಕ್ಕಳಿರಬಾರದು, ನೀನೇ ಯೋಚಿಸು ಎಂದರು ಗುರು. ಮುಂಗೋಪ, ಸಂಕುಚಿತ ಮನಸ್ಸು, ಹೆಚ್ಚು ಮಾತು ಎಂದು ಅವನು ತನ್ನ ದೋಷಗಳನ್ನು ತಾನೇ ಪಟ್ಟಿಮಾಡಿದ. ಗುರು ಅವನ ಕೈಗೆ ಒಂದು ಲೆಕ್ಕದ ಪುಸ್ತಕ ಕೊಟ್ಟು, ದಿನದಿನದ ಒಳಿತು ಕೆಡಕುಗಳನ್ನು ಬರೆದಿಡಲು ಹೇಳಿದರು. ಮೂರು ಸಾವಿರ ಒಳ್ಳೆಯ ಕೆಲಸಗಳ ಮೊದಲ ಹರಕೆ ಮುಗಿಯಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅವನಿಗೆ ಮಗ ಹುಟ್ಟಿದ. ಎಪ್ಪತ್ತು ದಾಟಿ ಬದುಕಿದ. ಆ ಮಗನಿಗಾಗಿ ಬರೆದ ಪುಸ್ತಕ ಇಂದಿಗೂ ಚೀನಾ, ತೈವಾನ್‌ಗಳಲ್ಲಿ ಅಚ್ಚಾಗುತ್ತಿದೆ. ಪುಣ್ಯವನ್ನು ಅಂಗಡಿಯ ಲೆಕ್ಕದಂತೆ ಬರೆಯುವುದನ್ನು ಆ ಕಾಲದಲ್ಲೇ ಟೀಕಿಸಿದವರಿದ್ದರು, ಟೀಕೆಯಲ್ಲಿ ನ್ಯಾಯವೂ ಇತ್ತು.

ದೇಹದ ಮೂಲಕ ತನ್ನನ್ನು ತಿಳಿಯುವ ದಾರಿ ಇನ್ನೊಂದು. ಕ್ರಿ.ಪೂ. ನಾಲ್ಕನೆಯ ಶತಮಾನದ್ದೆನ್ನಲಾದ ‘ನೇ ಯೆ’ ಎಂಬ ಚಿಕ್ಕ ಪಠ್ಯ, ಮೈ ನೆಟ್ಟಗಿಟ್ಟು ಉಸಿರನ್ನು ಹದಕ್ಕೆ ತಂದರೆ ಮನಸ್ಸು ತಾನಾಗಿ ನೆಲೆಗೊಳ್ಳುತ್ತದೆ ಎನ್ನುತ್ತದೆ. ಇದರ ಜೊತೆಜೊತೆಗೆ ಪಾದರಸ, ಗಂಧಕಗಳಿಂದ ಸಾವಿಲ್ಲದ ದೇಹ ಪಡೆಯುವ ರಸವಿದ್ಯೆಯೂ ಬೆಳೆಯಿತು. ಅದರ ಫಲ ಘೋರವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ತಾಂಗ್ ವಂಶದ ಹಲವು ಚಕ್ರವರ್ತಿಗಳ ಸಾವಿಗೆ ಈ ಗುಳಿಗೆಗಳೇ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಆ ಹೊತ್ತಿಗೆ ರಸವಾದಿಗಳು ಕುಲುಮೆಯನ್ನು ಹೊರಗಿನಿಂದ ಒಳಕ್ಕೆ ಒಯ್ಯತೊಡಗಿದ್ದರು. ಬೀಜಸತ್ವ, ಪ್ರಾಣ, ಚೇತನ ಎಂಬ ಮೂರನ್ನೇ ಮೂಲದ್ರವ್ಯಗಳೆಂದು ತಿಳಿದು ಧ್ಯಾನದಲ್ಲಿ ಪಾಕಮಾಡುವ ಈ ಕ್ರಮಕ್ಕೆ ಚಾಂಗ್ ಪೋತುವಾನ್ 1075ರ ಸುಮಾರಿಗೆ ಬರೆದ ಪದ್ಯಗ್ರಂಥ ಆಧಾರವಾಯಿತು.

ದೇಹವನ್ನು ಸಾವಿಲ್ಲದಂತೆ ಗಟ್ಟಿ ಮಾಡಬೇಕೋ, ಒಳಗಿನದನ್ನು ಹದಗೊಳಿಸಬೇಕೋ ಎಂಬ ವಾದ ತಮಿಳು ಸಿದ್ಧರಲ್ಲೂ ಕನ್ನಡದ ಶರಣರಲ್ಲೂ ನಡೆದಿದೆ. ‘ಶೂನ್ಯಸಂಪಾದನೆ’ಯಲ್ಲಿ ಗೋರಕ್ಷ ತನ್ನ ವಜ್ರದೇಹದ ಮೇಲೆ ಕತ್ತಿ ಬೀಸಿಸಿಕೊಳ್ಳುತ್ತಾನೆ, ಕತ್ತಿ ಖಣಿಲೆನ್ನುತ್ತದೆ. ಅಲ್ಲಮನ ಮೈಮೇಲೆ ಬೀಸಿದ ಕತ್ತಿ ಬಯಲಲ್ಲಿ ಬೀಸಿದಂತೆ ಹಾಯ್ದು ಹೋಗುತ್ತದೆ. ಗಟ್ಟಿಯಾದ ದೇಹವೇ ಸಿದ್ಧಿ ಎಂದುಕೊಂಡಿದ್ದ ಗೋರಕ್ಷನಿಗೆ ಅಲ್ಲಿಗೆ ತನ್ನ ಅಳತೆ ತಿಳಿಯುತ್ತದೆ. ಅಲ್ಲಮನ ಬಯಲು, ಚುವಾಂಗ್‌ತ್ಸುವಿನ ಬರಿದೋಣಿ ಎರಡೂ ಒಂದೇ ಎಂದುಬಿಡುವುದು ಸುಲಭ, ಆದರೆ ಅಲ್ಲಮನ ಹಿಂದೆ ಶಿವನಿದ್ದಾನೆ. ಹೀಗೆ ಬೆರೆಸುವುದರ ಬಗ್ಗೆ ಹ್ಯುಎನ್‌ತ್ಸಾಂಗ್‌ನಿಗೂ ಎಚ್ಚರವಿತ್ತು. ಕಾಮರೂಪದ ಅರಸನಿಗಾಗಿ ಲಾವೋತ್ಸುವನ್ನು ಸಂಸ್ಕೃತಕ್ಕೆ ತರಲು 647ರಲ್ಲಿ ಚಕ್ರವರ್ತಿಯ ಅಪ್ಪಣೆಯಾದಾಗ, ಬೌದ್ಧ ಮಾತುಗಳಲ್ಲಿ ಅದನ್ನು ವಿವರಿಸಬೇಕೆಂದ ದಾವ್ ಪಂಥದವರೊಂದಿಗೆ ಅವನು ಜಗಳವಾಡಿದ.

ಬೌದ್ಧಧರ್ಮ ಚೀನಾದ ಮಣ್ಣಿನಲ್ಲಿ ಪಡೆದ ಹೊಸ ರೂಪ ಛಾನ್, ಜಪಾನಿನಲ್ಲಿ ಝೆನ್. ಅದರ ಮೂಲಪುರುಷ ಬೋಧಿಧರ್ಮ ದಕ್ಷಿಣ ಭಾರತದ ಅರಸುಮಗನೆಂದು ಅವನ ಶಿಷ್ಯವರ್ಗದ ಬರಹ ಹೇಳುತ್ತದೆ. ಕಂಚಿಯವನೆಂಬುದು ಆಮೇಲಿನ ನಂಬಿಕೆ. 547ರ ಸುಮಾರಿನ ಇನ್ನೊಂದು ದಾಖಲೆ ಅವನನ್ನು ಪರ್ಷಿಯದವನೆನ್ನುತ್ತದೆ. ಆರನೆಯ ಗುರುವೆಂದು ಹೆಸರಾದ ಹ್ವೆನೆಂಗ್ (638–713) ಸೌದೆ ಮಾರುತ್ತಿದ್ದವನು, ಓದುಬರಹ ಬಾರದವನು ಎಂದು ಕಥೆ; ತನ್ನನ್ನು ಅರಿಯಲು ಪಾಂಡಿತ್ಯ ಬೇಕಿಲ್ಲ ಎಂಬುದು ಅದರ ತಿರುಳು.

ಮಿಂಗ್ ಕಾಲದ ವಾಂಗ್ ಯಾಂಗ್‌ಮಿಂಗ್ (1472–1529) ಈ ಎಳೆಗಳನ್ನೆಲ್ಲ ಕೂಡಿಸಿದ. ವಸ್ತುಗಳನ್ನು ಆಳವಾಗಿ ನೋಡಿದರೆ ತತ್ವ ತಿಳಿಯುತ್ತದೆಂದು ಓದಿ, ಹರೆಯದಲ್ಲಿ ಏಳು ದಿನ ಬಿದಿರನ್ನೇ ನೋಡುತ್ತ ಕೂತು ಕಾಯಿಲೆ ಬಿದ್ದ. ಆಸ್ಥಾನದ ಪ್ರಬಲನೊಬ್ಬನನ್ನು ಎದುರುಹಾಕಿಕೊಂಡು ಏಟು ತಿಂದು, ದೂರದ ಲುಂಗ್‌ಚಾಂಗ್‌ಗೆ ಗಡೀಪಾರಾದ. ಅಲ್ಲಿ 1508ರ ಒಂದು ರಾತ್ರಿ, ಹುಡುಕುತ್ತಿದ್ದದ್ದು ಬಿದಿರಿನಲ್ಲಿಲ್ಲ, ಸರಿತಪ್ಪು ಬಲ್ಲ ತನ್ನ ಮನಸ್ಸಿನಲ್ಲೇ ಇದೆ ಎಂದು ಹೊಳೆಯಿತು. ಅರಿವು, ಆಚರಣೆ ಎರಡಲ್ಲ ಎಂಬುದು ಅವನ ಮುಖ್ಯ ಮಾತು. ತಂದೆತಾಯಿಯನ್ನು ನೋಡಿಕೊಳ್ಳಬೇಕೆಂದು ತಿಳಿದೂ ನೋಡಿಕೊಳ್ಳದವನಿಗೆ ಅದು ಇನ್ನೂ ತಿಳಿದೇ ಇಲ್ಲ. ನಾರುವ ವಸ್ತುವಿನ ವಾಸನೆ ಬಂದ ಕ್ಷಣವೇ ಹೇಸಿಗೆಯಾಗುತ್ತದೆ. ಮೊದಲು ವಾಸನೆ ತಿಳಿದು, ಆಮೇಲೆ ಹೇಸೋಣವೇ ಬೇಡವೇ ಎಂದು ಯಾರೂ ತೀರ್ಮಾನಿಸುವುದಿಲ್ಲ.

ಎಲ್ಲರಲ್ಲೂ ಆ ಅರಿವು ಇದೆಯೆಂದ ಮೇಲೆ ಅದನ್ನು ಕಲಿಯಲು ಪಂಡಿತನಾಗಬೇಕಿಲ್ಲ. ವಾಂಗ್‌ನ ಶಿಷ್ಯ ವಾಂಗ್ ಗೆನ್ (1483–1541) ಉಪ್ಪು ಕಾಯಿಸುವ ಮನೆತನದವನು. ಅವನ ಬಳಗದಲ್ಲಿ ಸೌದೆ ಕಡಿಯುವವನೊಬ್ಬನಿದ್ದ, ಹಾನ್ ಚೆನ್ ಎಂಬ ಕುಂಬಾರನೂ ಇದ್ದ. ಈ ಕುಂಬಾರ ಸುಗ್ಗಿ ಮುಗಿದ ಮೇಲೆ ರೈತರನ್ನು ಸೇರಿಸಿ ಪಾಠ ಹೇಳುತ್ತಿದ್ದ. ಒಂದು ಹಳ್ಳಿಯಲ್ಲಿ ಮುಗಿಯುತ್ತಲೇ ಇನ್ನೊಂದಕ್ಕೆ ಹೋಗುತ್ತಿದ್ದ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯರನ್ನು ಬಲ್ಲ ಕನ್ನಡಿಗರಿಗೆ ಇದು ಅಚ್ಚರಿಯಲ್ಲ. ಹಾನ್ ಚೆನ್‌ನ ವಿವರ ಉಳಿದುಬಂದದ್ದು ಹುವಾಂಗ್ ತ್ಸುಂಗ್‌ಷಿ ಹದಿನೇಳನೆಯ ಶತಮಾನದಲ್ಲಿ ಬರೆದ ಮಿಂಗ್ ಕಾಲದ ಚಿಂತಕರ ಚರಿತ್ರೆಯಲ್ಲಿ. ದೊಡ್ಡ ದೊಡ್ಡ ಮಂತ್ರಿಗಳ ಜೊತೆಗೆ ಅವನಿಗೂ ಅಲ್ಲಿ ಜಾಗ ಸಿಕ್ಕಿದೆ.